ದೀಪವಾರಿದ ಊರುಗಳು

ನಮ್ಮ ನಾಡಿನ ಅನೇಕ ತಾಲ್ಲೂಕುಗಳ ಕಂದಾಯ ದಪ್ತರಗಳಲ್ಲಿ ಕೆಲವು ಊರುಗಳ ಹೆಸರಿನೊಡನೆ ‘ಬೇಚರಾಕ್’ ಎಂಬ ಮಾತು ಸೇರಿಕೊಂಡಿರುತ್ತದೆ. ಇದು ಪಾರಸಿ ಭಾಷೆಯಿಂದ ಬಂದ ಪದ. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಸಂಜೆಯಾದರೆ ಒಂದು ಮನೆಯಲ್ಲಿಯೂ ದೀಪ ಹಚ್ಚುವವರಿಲ್ಲದ ಊರು ಎಂಬುದು ಇದರ ಅರ್ಥ. ಎಲ್ಲೆಯಿದೆ, ಸರ್ವೇ ನಂಬರುಗಳಿವೆ, ಕಂದಾಯವಿದೆ. ಜನರು ಮಾತ್ರ ಇಲ್ಲ. 2011ರ ಜನಗಣತಿಯು ಕರ್ನಾಟಕದಲ್ಲಿ 29,340 ಗ್ರಾಮಗಳನ್ನು ಎಣಿಸಿತು. ಅವುಗಳಲ್ಲಿ ಜನವಸತಿಯಿದ್ದವು 27,397. ಉಳಿದ 1,943 ಗ್ರಾಮಗಳು ಹೆಸರಿಗಷ್ಟೇ ಗ್ರಾಮಗಳು.

ಸದ್ಭಕ್ತರೇ, ಇಂಥ ಊರನ್ನು ನೀವೂ ನೋಡಿರಬಹುದು. ಎರೆಹೊಲಗಳ ನಡುವೆ ಬೂದಿಬಣ್ಣದ ಒಂದು ದಿಬ್ಬ. ಮಳೆ ಬಂದು ಹೋದ ಮೇಲೆ ಅಲ್ಲಿ ಮೇಲೇಳುವ ಮಡಕೆಯ ಚೂರು, ಬೀಸುಕಲ್ಲಿನ ತುಂಡು. ಹೂಳು ತುಂಬಿದ ಬಾವಿ. ಒಂಟಿಯಾಗಿ ನಿಂತ ಹನುಮಪ್ಪನ ಗುಡಿ. ಆ ದಿಬ್ಬದ ಹಾಳುಮಣ್ಣು ಒಳ್ಳೆಯ ಗೊಬ್ಬರವೆಂದು ನೆರೆಯೂರಿನ ರೈತರು ಬಂಡಿ ಹೂಡಿ ಒಯ್ಯುತ್ತಾರೆ. ಒಂದು ಊರಿನ ಗೋಡೆಗಳು ಮತ್ತೊಂದು ಊರಿನ ಜೋಳವಾಗುತ್ತವೆ.

ಈ ಊರುಗಳು ಹೇಗೆ ಹಾಳಾದವು ಎಂದು ಕೇಳಿದರೆ ಹಿರಿಯರು ‘ಬರ ಬಂತು’ ಎನ್ನುತ್ತಾರೆ. ಅದು ನಿಜ, ಆದರೆ ಪೂರ್ಣ ನಿಜವಲ್ಲ. 1876ರಲ್ಲಿ ಮಳೆಗಳು ಕೈಕೊಟ್ಟು, 1878ರವರೆಗೆ ಧಾರವಾಡ, ಕಲಾದಗಿ, ಬಳ್ಳಾರಿ ಜಿಲ್ಲೆಗಳೂ ಮೈಸೂರು ಸಂಸ್ಥಾನವೂ ಘೋರ ಕ್ಷಾಮಕ್ಕೆ ತುತ್ತಾದವು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಮಳೆಯ ಕೊರತೆ ದೈವದ್ದೆನ್ನೋಣ. ಆದರೆ ಆ ದಿನಗಳಲ್ಲಿಯೂ ದೇಶದ ಧಾನ್ಯ ಹಡಗೇರಿ ಹೊರದೇಶಗಳಿಗೆ ಹೋಗುತ್ತಿತ್ತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅವರ ಸಲಹೆಯಂತೆ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಮಟ್ಟಕ್ಕೆ ಇಳಿಸಲಾಯಿತು. ಇವೆರಡೂ ಮನುಷ್ಯರು ಮಾಡಿದವು. ಅನಂತರ 1898ರಲ್ಲಿ ಪ್ಲೇಗು ಬೆಂಗಳೂರಿಗೂ ಹುಬ್ಬಳ್ಳಿಗೂ ಕಾಲಿಟ್ಟು ಹಳ್ಳಿಗಳಿಗೆ ಹಬ್ಬಿತು. ಇಲಿ ಬಿದ್ದಿತೆಂದರೆ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುತ್ತಿದ್ದರು. ಹಾಗೆ ಹೊರಬಿದ್ದವರಲ್ಲಿ ಎಲ್ಲರೂ ಮರಳಿ ಊರು ಸೇರಲಿಲ್ಲ.

ಆದರೂ ಇದೇ ಬರ, ಇದೇ ಬೇನೆಗಳನ್ನು ಉಂಡ ಸಾವಿರಾರು ಊರುಗಳು ಬದುಕಿ ಉಳಿದಿವೆ. ಕೆಲವು ಮಾತ್ರ ಏಕೆ ಅಳಿದವು? ನಮ್ಮ ಹಳ್ಳಿಯು ಆಯದ ಕಟ್ಟಿನ ಮೇಲೆ ನಿಂತಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಬಡಿಗ, ಕಮ್ಮಾರ, ಕುಂಬಾರ, ಮಡಿವಾಳ, ತಳವಾರ ಮೊದಲಾದ ಆಯಗಾರರು ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣದ ಕಾಳು ಪಡೆಯುತ್ತಿದ್ದರು. ಬೆಳೆಯಿಲ್ಲದಿದ್ದರೆ ಕಣವಿಲ್ಲ, ಕಣವಿಲ್ಲದಿದ್ದರೆ ಆಯವಿಲ್ಲ. ಹೊಲವಿದ್ದವನು ಹೊಲದ ಆಸೆಯಿಂದ ಇನ್ನೊಂದು ಮಳೆಗೆ ಕಾದಾನು. ಆಯವನ್ನೇ ನಂಬಿದವನು ಕಾಯಲಾರ. ಕಮ್ಮಾರನು ಹೋದರೆ ಕುಳ ಹದಗೊಳಿಸುವವರಿಲ್ಲ, ಬಡಿಗನು ಹೋದರೆ ಕೂರಿಗೆ ಕಟ್ಟುವವರಿಲ್ಲ. ಎತ್ತುಗಳೂ ಸತ್ತ ಮೇಲೆ, ಮಳೆ ಬಂದರೂ ಬಿತ್ತುವ ಬಗೆ ಯಾವುದು? ಸಣ್ಣ ಊರಿನಲ್ಲಿ ಪ್ರತಿಯೊಂದು ಕಾಯಕಕ್ಕೆ ಒಂದೇ ಮನೆ. ಒಂದು ಮನೆ ಕಳಚಿದರೆ ಇಡೀ ಕಟ್ಟು ಸಡಿಲುತ್ತಿತ್ತು. ಊರು ಬರದಲ್ಲಿ ಬಡವಾಗುತ್ತದೆ. ಒಬ್ಬರಿಗೊಬ್ಬರು ಬೇಕೆಂಬ ಬಂಧ ಹರಿದಾಗ ಹಾಳಾಗುತ್ತದೆ ಎಂಬುದು ನಮ್ಮ ತಿಳಿವಳಿಕೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಇತಿಹಾಸಕ್ಕೆ ಅಪಚಾರವಾದೀತು. ಹೊಲಮನೆಯುಳ್ಳವರು ಬೇರೆ ಊರು ಸೇರಿದಾಗ ಹಳೆಯ ಊರನ್ನು ಅಡ್ಡಹೆಸರಾಗಿ ಹೊತ್ತು ತಂದರು. ಅವರ ಹೆಸರು ದಪ್ತರದಲ್ಲಿಯೂ ಉಳಿಯಿತು. ಊರ ಹೊರಗಿನ ಕೇರಿಯಲ್ಲಿದ್ದ ಭೂಮಿಯಿಲ್ಲದವರು ಎಲ್ಲಿಗೆ ಹೋದರು? ಅವರಿಗೆ ಸರ್ವೇ ನಂಬರಿರಲಿಲ್ಲ. ಊರು ಒಮ್ಮೆ ಅಳಿಯಿತು, ಅವರು ಎರಡು ಸಲ ಅಳಿದರು.

ಈ ಅನ್ಯಾಯ ಹಳೆಯ ಕಾಲಕ್ಕೆ ಮುಗಿಯಲಿಲ್ಲ. ಜನರಿಲ್ಲದ ಊರು ದಪ್ತರದಲ್ಲಿ ಊರಾಗಿಯೇ ಉಳಿದಿರಲು, ತಲೆಮಾರುಗಳಿಂದ ದೀಪ ಹಚ್ಚುತ್ತ ಬಂದ ಎಷ್ಟೋ ತಾಂಡಾ ಹಟ್ಟಿಗಳು ದಪ್ತರದಲ್ಲಿ ಊರೇ ಆಗಿರಲಿಲ್ಲ. 2017ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯು ಅಂಥ ದಾಖಲೆರಹಿತ ವಸತಿಯ ಜನರಿಗೆ ಮನೆಯ ಹಕ್ಕು ದೊರೆಯಲು ದಾರಿ ಮಾಡಿತು. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರಗಳು ದೊರೆತವು.

ಆದುದರಿಂದ ಓದುಗರಲ್ಲಿ, ವಿಶೇಷವಾಗಿ ಮಠದಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿಗಳಲ್ಲಿ, ನಮ್ಮದೊಂದು ಬಿನ್ನಹ. ನಿಮ್ಮೂರ ಎಲ್ಲೆಯಾಚೆ ಹಾಳೂರೊಂದಿದ್ದರೆ ಅದರ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಿರಿ. ಅಲ್ಲಿಂದ ಬಂದ ಮನೆತನಗಳಾವುವು, ಬಾವಿ ಯಾರದು, ಕೇರಿ ಎಲ್ಲಿತ್ತು ಎಂಬುದನ್ನು ಕೇಳಿರಿ. ಕೇರಿಯ ಹಿರಿಯರನ್ನು ಮರೆಯದೆ ಕೇಳಿರಿ. ಮಣ್ಣು ಹೊಲಗಳಿಗೆ ಹೋದರೆ ಹೋಗಲಿ, ಹೆಸರು ಹೋಗದಿರಲಿ.