ಗ್ರೇಶಿಯನರ ಶಾಸನಸಂಗ್ರಹ: ಮೂಲಗಳು ಮತ್ತು ಕಾಲನಿರ್ಣಯ

ವಿವಾಹ ಸಂಸ್ಕಾರಕ್ಕೆ ಮುನ್ನ ಗುರುಗಳು ವಧುವರರನ್ನು ಬೇರೆಬೇರೆಯಾಗಿ ಕರೆದು, ಯಾರದಾದರೂ ಒತ್ತಾಯಕ್ಕೆ ಒಳಗಾಗಿ ಒಪ್ಪಿರುವಿರೇನೆಂದು ಕೇಳುವ ಪದ್ಧತಿಯನ್ನು ಭಕ್ತಾದಿಗಳೆಲ್ಲರೂ ಬಲ್ಲರು. ಕನ್ಯೆಯ ಸ್ವಂತ ಇಚ್ಛೆಯಿಲ್ಲದೆ ಅವಳನ್ನು ಯಾರಿಗೂ ಕೊಡಕೂಡದೆಂಬುದನ್ನು, 2ನೆಯ ಉರ್ಬನ್ ಜಗದ್ಗುರುಗಳ ಪತ್ರಗಳನ್ನು ಆಧಾರವಾಗಿಟ್ಟು, 12ನೆಯ ಶತಮಾನದಲ್ಲಿಯೇ ಸ್ಪಷ್ಟಪಡಿಸಿದ ಗ್ರಂಥವೊಂದುಂಟು. ಅದು ಇಟಲಿಯ ಬೊಲೋನ್ಯಾ ನಗರದಲ್ಲಿ ಬೋಧಿಸುತ್ತಿದ್ದ ಗ್ರೇಶಿಯನರ 'ಡಿಕ್ರೀಟಮ್'. ಗ್ರಂಥದ ಮೂಲ ಹೆಸರಿನ ಅರ್ಥ 'ಪರಸ್ಪರ ಹೊಂದದ ಶಾಸನಗಳ ಸಮನ್ವಯ' ಎಂದು.

ಹೆಸರೇ ಗ್ರಂಥದ ಉದ್ದೇಶವನ್ನು ಹೇಳುತ್ತದೆ. ಸಾವಿರ ವರ್ಷಗಳಲ್ಲಿ ಮಹಾಸಭೆಗಳೂ ಜಗದ್ಗುರುಗಳೂ ಸಭಾಪಿತೃಗಳೂ ನುಡಿದ ಮಾತುಗಳು ಅಲ್ಲಲ್ಲಿ ಒಂದಕ್ಕೊಂದು ವಿರುದ್ಧವಾಗಿ ತೋರುತ್ತಿದ್ದವು. ಗ್ರೇಶಿಯನರು ಸುಮಾರು 4000 ವಚನಗಳನ್ನು ಮುಂದಿಟ್ಟು, ಸ್ಥಳ, ಕಾಲ, ವ್ಯಕ್ತಿ, ಕಾರಣಗಳನ್ನು ತೂಗಿ ತೀರ್ಮಾನ ಹೇಳುವ ಕ್ರಮವನ್ನು ಹಿಡಿದರು. ಮೊದಲ ಭಾಗದಲ್ಲಿ 101 ವಿಭಾಗಗಳೂ, ಎರಡನೆಯದರಲ್ಲಿ 36 ವ್ಯಾಜ್ಯಗಳೂ ಇವೆ. ಮೂರನೆಯ ಭಾಗವು ಸಂಸ್ಕಾರಗಳಿಗೆ ಸಂಬಂಧಿಸಿದುದು.

ಇಷ್ಟೊಂದು ವಚನಗಳು ಅವರಿಗೆ ದೊರೆತದ್ದೆಲ್ಲಿ? ಅವರು ಮೂಲಗ್ರಂಥಗಳನ್ನೆಲ್ಲ ಹುಡುಕಿ ಓದಿದರೆಂದು ಭಾವಿಸಬೇಕಾಗಿಲ್ಲ. ಲುಕ್ಕಾದ ಧರ್ಮಾಧ್ಯಕ್ಷ ಆನ್ಸೆಲ್ಮರ ಸಂಗ್ರಹ, ಶಾರ್ತ್ರ್ ನಗರದ ಈವೋರವರದೆನ್ನಲಾದ 'ಪನೋರ್ಮಿಯ', 'ತ್ರಿಪಾರ್ತಿತ', 'ಪೊಲಿಕಾರ್ಪುಸ್', 'ಮೂರು ಪುಸ್ತಕಗಳ ಸಂಗ್ರಹ' ಇವೇ ಅವರ ಮುಖ್ಯ ಆಕರಗಳೆಂದು ವಿದ್ವಾಂಸರು ಪಾಠಗಳನ್ನು ಹೋಲಿಸಿ ತೋರಿಸಿದ್ದಾರೆ. ಹಿಂದಿನ ಸಂಗ್ರಹಕಾರನು ಮಾಡಿದ ತಪ್ಪು ಮುಂದಿನವನಲ್ಲಿಯೂ ಉಳಿಯುವುದರಿಂದ, ಆ ತಪ್ಪೇ ಆಕರವನ್ನು ಗುರುತಿಸಲು ಸಾಕ್ಷಿಯಾಗುತ್ತದೆ.

ಕಾಲನಿರ್ಣಯಕ್ಕೆ ಬಹುಕಾಲದವರೆಗೆ ಆಧಾರವಾಗಿದ್ದದ್ದು 1139ರ ಎರಡನೆಯ ಲ್ಯಾಟರನ್ ಮಹಾಸಭೆ. ಅದರ ಶಾಸನಗಳು ಗ್ರಂಥದಲ್ಲಿರುವುದರಿಂದ ಗ್ರಂಥವು ಸುಮಾರು 1140ರದೆಂದು ಹೇಳಲಾಗುತ್ತಿತ್ತು. ಆದರೆ ಆಂಡರ್ಸ್ ವಿನ್ರೂತ್ ಎಂಬ ವಿದ್ವಾಂಸರು, ಫ್ಲಾರೆನ್ಸ್, ಬಾರ್ಸಿಲೋನಾ, ಪ್ಯಾರಿಸ್, ಆಡ್ಮಾಂಟ್‌ಗಳಲ್ಲಿರುವ ಹಸ್ತಪ್ರತಿಗಳು ಇನ್ನೂ ಚಿಕ್ಕದಾದ ಒಂದು ಪೂರ್ವರೂಪವನ್ನು ಕಾಪಾಡಿವೆಯೆಂದು 2000ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಅದರ ಗಾತ್ರ ಇಂದಿನ ಪಾಠದ ಸುಮಾರು ಅರ್ಧ. ರೋಮನ್ ಕಾನೂನಿನ ಬಹುಭಾಗ ಅದರಲ್ಲಿಲ್ಲ. ಹಾಗಾದರೆ ಅದನ್ನು ವಿಸ್ತರಿಸಿದವರು ಗ್ರೇಶಿಯನರೇ, ಅವರ ಶಿಷ್ಯರೇ? ಪೂರ್ವರೂಪವು 1139ಕ್ಕೂ ಹಿಂದಿನದೇ? ಈ ವಿಷಯಗಳಲ್ಲಿ ಚರ್ಚೆ ನಡೆದಿದೆ.

ಇನ್ನೊಂದು ಮಾತನ್ನು ನಾವು ಮರೆಮಾಚಲಾಗದು. 9ನೆಯ ಶತಮಾನದಲ್ಲಿ ಫ್ರಾಂಕರ ನಾಡಿನಲ್ಲಿ ಆದಿ ಜಗದ್ಗುರುಗಳ ಹೆಸರಿನಲ್ಲಿ ಸೃಷ್ಟಿಸಿದ ಕೃತಕ ಪತ್ರಗಳು ಹಿಂದಿನ ಸಂಗ್ರಹಗಳ ಮೂಲಕ ಈ ಗ್ರಂಥಕ್ಕೂ ಬಂದವು. ಗ್ರೇಶಿಯನರು ಅವುಗಳನ್ನು ನಿಜವೆಂದೇ ನಂಬಿದ್ದರು. 1628ರಲ್ಲಿ ಡೇವಿಡ್ ಬ್ಲಾಂಡೆಲ್ ಎಂಬ ಪ್ರಾಟೆಸ್ಟೆಂಟ್ ಪಂಡಿತರು ಅವುಗಳ ಕೃತಕತೆಯನ್ನು ಸಿದ್ಧಪಡಿಸಿದರು. ಇದರಿಂದ ನಮ್ಮ ವಿಶ್ವಾಸ ಅಲುಗಬೇಕೆ? ಖಂಡಿತವಾಗಿಯೂ ಇಲ್ಲ. ವಿಶ್ವಾಸದ ಆಧಾರ ಪ್ರಭು ಕ್ರಿಸ್ತರೇ ಹೊರತು ಕೃತಕ ಪತ್ರಗಳಲ್ಲ. ಸತ್ಯವನ್ನು ಹೇಳಿದವರು ಹೊರಗಿನವರಾದರೂ ಅದನ್ನು ಒಪ್ಪುವುದು ಸತ್ಯಸ್ವರೂಪನಾದ ದೇವರಿಗೆ ನಾವು ಸಲ್ಲಿಸುವ ಗೌರವ.

1582ರಲ್ಲಿ 13ನೆಯ ಗ್ರೆಗೋರಿ ಜಗದ್ಗುರುಗಳ ಆಜ್ಞೆಯಂತೆ ಪರಿಷ್ಕೃತವಾಗಿ ಮುದ್ರಿತವಾದ ಈ ಗ್ರಂಥವು, 1917ರಲ್ಲಿ ಹೊರಡಿಸಿದ ಶಾಸನಸಂಹಿತೆ ಮರುವರ್ಷ ಜಾರಿಗೆ ಬರುವವರೆಗೂ ಬಳಕೆಯಲ್ಲಿತ್ತು. 1983ರ ಸಂಹಿತೆಯೂ ಬಲಾತ್ಕಾರದ ವಿವಾಹವನ್ನು ಅಸಿಂಧುವೆನ್ನುತ್ತದೆ.

ಶತಮಾನೋತ್ಸವದ ಈ ವೇಳೆಯಲ್ಲಿ ನಮ್ಮ ಹಿರಿಯರ ಚರಿತ್ರೆಯನ್ನು ಬರೆಯುವ ನಮಗೂ ಇಲ್ಲಿ ಪಾಠವುಂಟು. ಕೇಳಿದ ಕಥೆಯನ್ನು ಪ್ರೀತಿಯಿಂದ ಕಾಪಾಡೋಣ. ಆದರೆ ಜ್ಞಾನಸ್ನಾನದ ದಾಖಲೆಪುಸ್ತಕ ಬೇರೆ ಮಾತು ಹೇಳಿದರೆ ಅದನ್ನೂ ವಿನಯದಿಂದ ಬರೆದಿಡೋಣ. ಮುಂದಿನ ನೂರು ವರ್ಷದವರು ನಮ್ಮ ಬರಹವನ್ನು ನಂಬಿ ಓದುವರು.