ಅಜ್ಜನ ಟ್ರಂಕಿನಲ್ಲಿ ಸಿಕ್ಕ ಖಾಲಿ ತೋಟಾ

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಅಟ್ಟ ಕ್ಲೀನ್ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. (ಬೆಂಗಳೂರಿನಿಂದ ಬಂದವನು ಲ್ಯಾಪ್‌ಟಾಪ್ ಮುಂದೆ ಕೂತರೆ ಅಮ್ಮನ ಕಣ್ಣಿಗೆ ಅದು ಕೆಲಸವೇ ಅಲ್ಲ :) ) ಅಲ್ಲಿ ಅಜ್ಜನ ಕಬ್ಬಿಣದ ಟ್ರಂಕ್. ಒಳಗೆ ಹಳೇ ಕಂದಾಯ ರಸೀದಿಗಳು, ಒಂದು ಮಫ್ಲರ್, ಗೆದ್ದಲು ತಿಂದ ಪಂಚಾಂಗ... ಎಲ್ಲದರ ಅಡಿಯಲ್ಲಿ ಹಸಿರುಗಟ್ಟಿದ ಒಂದು ಹಿತ್ತಾಳೆ ಕೊಳವೆ. ಹುಣಸೆಹಣ್ಣು ಹಾಕಿ ತಿಕ್ಕಿದೆ. ತಳದಲ್ಲಿ 315 ಅಂತ ಕಾಣಿಸಿತು.

ಇದರ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. 1968ರಲ್ಲಿ ಅಜ್ಜ ಗದ್ದೆಗೆ ಬರುತ್ತಿದ್ದ ಒಂದು ಕಾಡುಹಂದಿಗೆ ಈಡು ಹೊಡೆದರಂತೆ. ಹಂದಿ ಬೀಳಲಿಲ್ಲ, ಗಾಯಗೊಂಡು ಓಡಿಹೋಯಿತು. ಮಾರನೇ ದಿನ ಬೆಳಿಗ್ಗೆ ಸೊಪ್ಪು ತರಲು ಹೋದ ನಮ್ಮ ಮನೆಯ ಆಳಿನ ಮೇಲೆ ಅದೇ ಹಂದಿ ಪೊದೆಯಿಂದ ನುಗ್ಗಿ ತೊಡೆ ಸೀಳಿತು. ಆತ ಬದುಕಿದ, ಆದರೆ ಜೀವನಪೂರ್ತಿ ಕುಂಟಿದ. ಅಜ್ಜ ಆ ವರ್ಷವೇ ಆ ರೈಫಲ್ ಮಾರಿ, ಜೋಡಿ ನಳಿಗೆಯ ಹನ್ನೆರಡು ಬೋರಿನ ಕೋವಿ ತಂದರು. ಯಾರೇ ಕೇಳಲಿ, ಅವರದ್ದು ಒಂದೇ ಮಾತು: "ಆ ಮುನ್ನೂರ ಹದಿನೈದಕ್ಕೆ ಶಕ್ತಿ ಇಲ್ಲ ಮಾರಾಯ, ಅದು ಹಕ್ಕಿ ಹೊಡೆಯುವ ತೋಟಾ."

ನಾನೂ ಅದನ್ನೇ ನಂಬಿ ಬೆಳೆದವನು. ಆದರೆ ಕೈಯಲ್ಲಿ ತೋಟಾ ಇತ್ತು, ಬ್ಯಾಗಿನಲ್ಲಿ ಡಿಜಿಟಲ್ ಕ್ಯಾಲಿಪರ್ ಇತ್ತು (3ಡಿ ಪ್ರಿಂಟರ್ ಹುಚ್ಚಿನ ಕಾಲದ್ದು). ಅಳೆದೆ. ಉದ್ದ ಹೆಚ್ಚುಕಡಿಮೆ 50 ಮಿಲಿಮೀಟರ್, ತಳದಲ್ಲಿ ಹೊರಕ್ಕೆ ಚಾಚಿದ ಅಂಚು. ಹುಡುಕುತ್ತಾ ಹೋದರೆ ಸಿಕ್ಕಿದ್ದು ವಿಯೆನ್ನಾ!

ಈ 315 ಅಂದರೆ ಬೇರೇನೂ ಅಲ್ಲ, ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಸೈನ್ಯ 1890ರ ಹೊತ್ತಿಗೆ ಬಳಸುತ್ತಿದ್ದ 8x50 ಮ್ಯಾನ್‌ಲಿಚರ್ ತೋಟಾ. ಮೊದಲ ಮಹಾಯುದ್ಧದಲ್ಲಿ ಅವರ ಸೈನಿಕರ ಹೆಗಲ ಮೇಲಿದ್ದದ್ದೂ ಇದೇ ತೋಟಾದ ರೈಫಲ್. ವಿಯೆನ್ನಾದ ತೋಟಾ ನಮ್ಮ ಮೂಡಿಗೆರೆ ಕಡೆಯ ಅಟ್ಟಕ್ಕೆ ಹೇಗೆ ಬಂತು? ಅದಕ್ಕೆ ಕಾರಣ ಬ್ರಿಟಿಷರ ಭಯ.

1888ರಲ್ಲಿ ಬ್ರಿಟಿಷ್ ಸೈನ್ಯ .303 ತೋಟಾವನ್ನು ಒಪ್ಪಿಕೊಂಡಿತು. ವಾಯವ್ಯ ಗಡಿಯಲ್ಲಿ ಪಠಾಣರು ಸೈನ್ಯದ ರೈಫಲ್ ಕದಿಯುವುದರಲ್ಲಿ ನಿಸ್ಸೀಮರು. ರೈಫಲ್ ಕದ್ದರೂ ತೋಟಾ ಸಿಗಬಾರದಲ್ಲ? ಹಾಗಾಗಿ ಸೈನ್ಯದ ಅಳತೆಯ ತೋಟಾ ಸಾಮಾನ್ಯರ ಕೈಗೆ ಸಿಗಬಾರದು ಎಂದು ಕಾನೂನು. .450 ಅಳತೆಗೂ ಅದೇ ಗತಿ, ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ಗಳು ಬಂಡಾಯಗಾರರ ಕೈಯಲ್ಲಿದ್ದವು ಎಂಬ ಕಾರಣಕ್ಕೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ .450 ಅನ್ನು ಭಾರತಕ್ಕೆ ತರುವುದು ನಿಂತಾಗ ಲಂಡನ್ನಿನ ಬಂದೂಕು ಅಂಗಡಿಯವರು ಏನು ಮಾಡಿದರು ಗೊತ್ತೇ? ಕೂದಲೆಳೆ ದಪ್ಪ ಮಾಡಿ .465, .470, .475 ಅಂತ ಹೊಸ ತೋಟಾಗಳನ್ನು ಹುಟ್ಟುಹಾಕಿದರು! ಇವತ್ತು ಆಫ್ರಿಕಾದ ಆನೆ ಬೇಟೆಯ ಜೊತೆ ತಳುಕು ಹಾಕಿಕೊಂಡಿರುವ .470 ನೈಟ್ರೋ ಎಕ್ಸ್‌ಪ್ರೆಸ್ ಹುಟ್ಟಿದ್ದು ಭಾರತದ ಒಂದು ಸರ್ಕಾರಿ ಆದೇಶವನ್ನು ಬೈಪಾಸ್ ಮಾಡಲು. ನಮ್ಮ ಪ್ರೊಡಕ್ಷನ್ ಕೋಡಿನಲ್ಲೂ ಇಂಥ ವರ್ಕ್‌ಅರೌಂಡುಗಳೇ ನೂರು ವರ್ಷ ಬದುಕುವುದು :)

ಶ್ರೀಮಂತರಿಗೆ .470 ಆಯಿತು. ಬಡ ಪ್ಲಾಂಟರಿಗೆ, ಗುಮಾಸ್ತರಿಗೆ? ಅವರಿಗಾಗಿ ಬಂದದ್ದು .315. ಬ್ರಿಟಿಷ್ ಸೈನ್ಯ ಬಳಸದ, ಆದರೆ ಲೀ-ಎನ್‌ಫೀಲ್ಡ್ ರೈಫಲಿನ ಮೈಗೆ ಹೊಂದಿಕೊಳ್ಳುವ ತೋಟಾ ಬೇಕಿತ್ತು. ಬಿಎಸ್‌ಎ ಮುಂತಾದ ಕಂಪನಿಗಳು ಈ ಅಳತೆಯ ರೈಫಲ್ ಮಾಡಿ ಭಾರತಕ್ಕೆ ಕಳಿಸಿದವು. ಸ್ವಾತಂತ್ರ್ಯ ಬಂದರೂ ಆ ನಿಯಮದ ಆತ್ಮ ಹೋಗಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲೂ .303 ಮತ್ತು 9 ಎಂಎಂ ನಿಷೇಧಿತ ಬೋರುಗಳೇ. ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆ ಜನಸಾಮಾನ್ಯರಿಗಾಗಿ .315 ಸ್ಪೋರ್ಟಿಂಗ್ ರೈಫಲ್ ಮಾಡಿತು. ಅಂದರೆ ಆಸ್ಟ್ರಿಯಾದಲ್ಲಿ ಸತ್ತ ತೋಟಾ ಭಾರತದಲ್ಲಿ ಬದುಕಿತು. "ಸರ್ಕಾರಿ ಕೋವಿ" ಎಂಬ ತಾತ್ಸಾರ ಅದಕ್ಕೆ ಬಂದದ್ದು ಅದರ ಗುಣದಿಂದಲ್ಲ, ರೇಷನ್ ಅಕ್ಕಿಯ ಹಾಗೆ ಬೇರೆ ಸಿಗದ ಕಾರಣಕ್ಕೆ ಕೊಳ್ಳಬೇಕಾದ ವಸ್ತುವಾಗಿದ್ದರಿಂದ.

ಈಗ ಸ್ವಲ್ಪ ಲೆಕ್ಕ. (ಇಂಜಿನಿಯರಿಂಗ್ ಓದಿದ್ದಕ್ಕೆ ಅಪ್ಪ ಕಟ್ಟಿದ ಫೀಸು ಹೀಗಾದರೂ ವಸೂಲಾಗಲಿ.) ಮ್ಯಾನ್‌ಲಿಚರ್‌ನ ಗುಂಡು 244 ಗ್ರೇನ್, ಅಂದರೆ 15.8 ಗ್ರಾಂ. ಸೈನ್ಯದ ತೋಟಾದಲ್ಲಿ ವೇಗ ಸೆಕೆಂಡಿಗೆ ಸುಮಾರು 620 ಮೀಟರ್. ಅರ್ಧ ಎಂ ವಿ ಸ್ಕ್ವೇರ್ ಹಾಕಿದರೆ ಸುಮಾರು 3,000 ಜೂಲ್. ಎರಡು ಮಹಾಯುದ್ಧ ಗೆದ್ದ .303ಯ ಮಾರ್ಕ್ 7 ತೋಟಾ? 174 ಗ್ರೇನ್, 744 ಮೀಟರ್, ಸುಮಾರು 3,100 ಜೂಲ್. ಹೆಚ್ಚುಕಡಿಮೆ ಒಂದೇ! ಹಕ್ಕಿ ಹೊಡೆಯುವ ತೋಟಾ ಅಂತೆ...

ಬರೀ ಜೂಲ್ ನೋಡಿದರೆ ಸಾಲದು. ಚರ್ಮ, ಮಾಂಸ, ಮೂಳೆ ದಾಟಿ ಗುಂಡು ಎಷ್ಟು ಒಳಗೆ ಹೋಗುತ್ತದೆ ಅನ್ನುವುದು ಮುಖ್ಯ. ಅದಕ್ಕೆ ಸೆಕ್ಷನಲ್ ಡೆನ್ಸಿಟಿ ಅಂತ ಒಂದು ಅಳತೆ ಇದೆ. ಗುಂಡಿನ ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು, ಇಂಚಿನಲ್ಲಿರುವ ವ್ಯಾಸದ ವರ್ಗದಿಂದ ಭಾಗಿಸುವುದು, ಅಷ್ಟೇ. ಗೋಣಿಚೀಲಕ್ಕೆ ಸುತ್ತಿಗೆಯಲ್ಲಿ ಹೊಡೆದರೆ ತೂತಾಗುವುದಿಲ್ಲ, ದಬ್ಬಣದಲ್ಲಿ ಚುಚ್ಚಿದರೆ ಆಗುತ್ತದಲ್ಲ, ಅದೇ ತತ್ವ. ಅಜ್ಜನ ತೋಟಾಕ್ಕೆ ಇದು ಸುಮಾರು 0.33 ಬರುತ್ತದೆ. ಒಳ್ಳೇ ದಬ್ಬಣ!

ದಬ್ಬಣ ಅಂದಾಗ 7x57 ಮೌಸರ್ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಜರ್ಮನಿಯ ಪಾಲ್ ಮೌಸರ್ 1892ರಲ್ಲಿ ಮಾಡಿದ್ದು, ಮರುವರ್ಷ ಸ್ಪೇನ್ ಸೈನ್ಯ ತೆಗೆದುಕೊಂಡಿತು. 1898ರ ಜುಲೈ 1ರಂದು ಕ್ಯೂಬಾದ ಸಾನ್ ಹುವಾನ್ ಗುಡ್ಡದ ಮೇಲೆ ಕೆಲವೇ ನೂರು ಸ್ಪ್ಯಾನಿಷ್ ಸೈನಿಕರು ಈ ರೈಫಲ್ ಹಿಡಿದು ಸಾವಿರಾರು ಅಮೆರಿಕನ್ನರನ್ನು ತಾಸುಗಟ್ಟಲೆ ತಡೆದರು. ಆ ಗುಂಡಿನ ಮಳೆಯಲ್ಲಿ ಗುಡ್ಡ ಹತ್ತಿದವರಲ್ಲಿ ಒಬ್ಬ ಥಿಯೋಡರ್ ರೂಸ್‌ವೆಲ್ಟ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇದೇ ತೋಟಾವನ್ನು ಲಂಡನ್ನಿನ ಜಾನ್ ರಿಗ್ಬಿ ಕಂಪನಿ 1907ರಲ್ಲಿ .275 ರಿಗ್ಬಿ ಎಂದು ಹೆಸರು ಬದಲಿಸಿ ಮಾರಿತು. 436 ಜನರನ್ನು ತಿಂದಿತ್ತು ಎನ್ನಲಾದ ಚಂಪಾವತ್ ಹೆಣ್ಣುಹುಲಿಯನ್ನು ಅದೇ ವರ್ಷ ಕೊಂದ ಜಿಮ್ ಕಾರ್ಬೆಟ್‌ಗೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಉಡುಗೊರೆ ಕೊಟ್ಟದ್ದು ಈ ರೈಫಲ್ಲೇ. ತೇಜಸ್ವಿಯವರ 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಓದಿದವರಿಗೆ ಕೊನೆಯ ರಾತ್ರಿ ನೆನಪಿರುತ್ತದೆ. ಮಾವಿನ ಮರ, ಕೆಳಗೆ ಕಟ್ಟಿದ ಮೇಕೆ, ಟಾರ್ಚ್ ಕಟ್ಟಿದ ರೈಫಲ್. 1926ರ ಮೇ ತಿಂಗಳು. 125 ಜನರನ್ನು ಕೊಂದ ಚಿರತೆಯನ್ನು ಮುಗಿಸಿದ್ದು ಈ "ಸಣ್ಣ" ತೋಟಾದ ಒಂದೇ ಗುಂಡು. ಆ ರೈಫಲನ್ನು 2015ರಲ್ಲಿ ರಿಗ್ಬಿ ಕಂಪನಿಯೇ ಕೊಂಡುಕೊಂಡು 2016ರಲ್ಲಿ ಭಾರತಕ್ಕೆ ತಂದು ತೋರಿಸಿತು.

ಇನ್ನೊಬ್ಬ ಸ್ಕಾಟ್ಲೆಂಡಿನ ಡಬ್ಲ್ಯೂ.ಡಿ.ಎಂ. ಬೆಲ್, 'ಕರಮೋಜೋ ಬೆಲ್' ಎಂದೇ ಹೆಸರು. ಆತ ಕೊಂದ ಆನೆಗಳು 1,011. ಅದರಲ್ಲಿ ಬಹುಪಾಲು ಇದೇ 7 ಎಂಎಂ ತೋಟಾದಿಂದ. 173 ಗ್ರೇನ್ ಗುಂಡು, ಸುಮಾರು 2,750 ಜೂಲ್. .470ರದ್ದು ಹತ್ತಿರ ಹತ್ತಿರ 7,000 ಜೂಲ್. ಹೇಗೆ ಸಾಧ್ಯ? ಬೆಲ್ ಸತ್ತ ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿಸಿ ಮೆದುಳು ಎಲ್ಲಿದೆ ಎಂದು ಅಧ್ಯಯನ ಮಾಡಿದ್ದ. ಯಾವ ಕೋನದಿಂದ ನೋಡಿದರೂ ಮೆದುಳಿನ ಜಾಗ ಅವನ ಕಣ್ಣಿಗೆ ಕಾಣುತ್ತಿತ್ತು. ಗುಂಡು ಹಿಗ್ಗದ ಗಟ್ಟಿ ಗುಂಡು, ನೇರ ಹೋಗುತ್ತಿತ್ತು. ಹಗುರ ರೈಫಲ್, ಕಡಿಮೆ ಒದೆತ, ಹಾಗಾಗಿ ಕೈ ನಡುಗದು. ಸಾವಿರ ಆನೆ ಕೊಂದವನನ್ನು ಹೊಗಳಲು ನನಗೆ ಮನಸ್ಸಿಲ್ಲ. ದಂತಕ್ಕಾಗಿ ನಡೆದ ಕಸಾಯಿ ಕೆಲಸ ಅದು. ಆದರೆ ತೋಟಾದ ವಿಷಯದಲ್ಲಿ ಅವನ ಲೆಕ್ಕ ಸರಿ ಇತ್ತು.

ಸರಿ ಇತ್ತೇ? ಇಲ್ಲಿ ನನಗೊಂದು ಅನುಮಾನ ಬಂತು. ಎರಡನೇ ಮಹಾಯುದ್ಧದಲ್ಲಿ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞ, ಗುಂಡೇಟು ತಿಂದೂ ವಾಪಸ್ ಬಂದ ವಿಮಾನಗಳನ್ನಷ್ಟೇ ಲೆಕ್ಕ ಹಾಕಿದರೆ ದಾರಿ ತಪ್ಪುತ್ತೀರಿ, ಬೀಳುವ ವಿಮಾನಗಳು ಲೆಕ್ಕಕ್ಕೇ ಬರುವುದಿಲ್ಲ ಎಂದು ತೋರಿಸಿಕೊಟ್ಟ. ಬೆಲ್ ಪುಸ್ತಕ ಬರೆದ. ಅವನನ್ನು ನೋಡಿ ಸಣ್ಣ ತೋಟಾ ಹಿಡಿದು ಹೋಗಿ ಆನೆಯ ಕಾಲಡಿ ಸಿಕ್ಕವರು ಪುಸ್ತಕ ಬರೆಯಲಿಲ್ಲ! ಗಾಯಗೊಂಡು ಓಡಿ ವಾರಗಟ್ಟಲೆ ನರಳಿ ಸತ್ತ ಪ್ರಾಣಿಗಳಂತೂ ಯಾವ ಲೆಕ್ಕದಲ್ಲೂ ಇಲ್ಲ. ಆಫ್ರಿಕಾದ ಹಲವು ದೇಶಗಳು ಆನೆ, ಕಾಡೆಮ್ಮೆಗಳಂಥ ಪ್ರಾಣಿಗಳಿಗೆ .375 ಆಸುಪಾಸಿನ ಕನಿಷ್ಠ ಅಳತೆ ನಿಗದಿ ಮಾಡಿರುವುದು ಸುಮ್ಮನೆ ಅಲ್ಲ. ಬೆಲ್‌ನ ಕಣ್ಣು ಎಲ್ಲರಿಗೂ ಇರುವುದಿಲ್ಲ. ಅಂದರೆ 7 ಎಂಎಂ ಆನೆಯ ತೋಟಾ ಅಲ್ಲ, ಜಿಂಕೆಯಿಂದ ಚಿರತೆಯವರೆಗೆ ಮಾತ್ರ ಯಾರ ಕೈಯಲ್ಲೂ ಸಾಕಾಗುವ ತೋಟಾ ಎನ್ನುವುದು ನನ್ನ ತೀರ್ಮಾನ.

ಈಗ ರೂಸ್‌ವೆಲ್ಟ್. ಅಧ್ಯಕ್ಷ ಪದವಿ ಮುಗಿಸಿ 1909ರಲ್ಲಿ ಆಫ್ರಿಕಾಕ್ಕೆ ಹೊರಟಾಗ ಆತ ಒಯ್ದ ರೈಫಲ್‌ಗಳಲ್ಲಿ ಒಂದು .405 ವಿಂಚೆಸ್ಟರ್, 1904ರ ತೋಟಾ. ಸಿಂಹಕ್ಕೆ ಇದೇ ಮದ್ದು ಎಂದು ಆತ ಬರೆದ. 300 ಗ್ರೇನ್ ಗುಂಡು, ಸೆಕೆಂಡಿಗೆ 670 ಮೀಟರ್, ಹತ್ತಿರ ಹತ್ತಿರ 4,400 ಜೂಲ್. ಆದರೆ ಸೆಕ್ಷನಲ್ ಡೆನ್ಸಿಟಿ 0.25 ಮಾತ್ರ. ದಬ್ಬಣಕ್ಕಿಂತ ಸುತ್ತಿಗೆಗೆ ಹತ್ತಿರ. ಬೋಲ್ಟ್ ರೈಫಲ್‌ಗಳ ಫ್ಯಾಷನ್ ಬಂದು 1930ರ ದಶಕದಲ್ಲಿ ವಿಂಚೆಸ್ಟರ್ ಇದನ್ನು ಕೈಬಿಟ್ಟಿತು. ಜಗತ್ತು ಮರೆತ ಮೇಲೂ ಅದನ್ನು ಬಿಡದೆ ಹಿಡಿದುಕೊಂಡವರು ಒಬ್ಬರಿದ್ದರು, ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್! ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ ನಮಗೆಲ್ಲ ಪರಿಚಯವಾದವರು. ಹುಲಿ, ಚಿರತೆಗಳಿಗೆ ಹತ್ತಿರದಿಂದ ಹೊಡೆಯುವಾಗ ಸುತ್ತಿಗೆಯೇ ಸಾಕು, ತೆಳು ಚರ್ಮದ ಪ್ರಾಣಿಗಳು ಅವು. ಆಂಡರ್ಸನ್ 1974ರಲ್ಲಿ ತೀರಿಕೊಂಡರು. 2000ದ ದಶಕದ ಆರಂಭದಲ್ಲಿ ಆ ತೋಟಾ ಮತ್ತೆ ತಯಾರಾಗತೊಡಗಿತು.

ಈಗ ಇದೆಲ್ಲ ನಮ್ಮಲ್ಲಿ ಇತಿಹಾಸ ಮಾತ್ರ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿಯಿತು, ಮುಗಿದದ್ದೇ ಒಳ್ಳೆಯದಾಯಿತು. ಪಕ್ಕದ ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷ ಮುಂದುವರಿಸಲಾಯಿತು. ನಮ್ಮ ಮನೆಯ ಹನ್ನೆರಡು ಬೋರಿನ ಕೋವಿ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂತು ಬರುತ್ತಿತ್ತು, ಅಜ್ಜ ತೀರಿಕೊಂಡ ಮೇಲೆ ಅಪ್ಪ ಅದನ್ನೂ ಒಪ್ಪಿಸಿಬಿಟ್ಟರು.

ಲೆಕ್ಕವೆಲ್ಲ ಮುಗಿಸಿ, ಪೇಪರ್ ಹಿಡಿದುಕೊಂಡು ಅಜ್ಜಿಯ ಹತ್ತಿರ ಹೋದೆ. ಅಡಿಕೆ ಸುಲಿಯುತ್ತಾ ಕೂತಿದ್ದರು. "ಅಜ್ಜಿ, ಆ ತೋಟಾಕ್ಕೆ ಶಕ್ತಿ ಇತ್ತು. ಹಂದಿ ಅಲ್ಲ, ಕಡವೆಯೂ ಬೀಳುತ್ತಿತ್ತು" ಅಂದೆ. ಏನೋ ದೊಡ್ಡ ಬಗ್ ಹಿಡಿದ ಖುಷಿ ನನಗೆ.

ಅಜ್ಜಿ ತಲೆ ಎತ್ತಲಿಲ್ಲ. "ಅವರಿಗೆ ಗೊತ್ತಿತ್ತು" ಅಂದರು.

ಹೊತ್ತು ಮುಳುಗಿತ್ತಂತೆ. ಹಂದಿ ಬದುವಿನ ಮೇಲೆ ಬಂದಾಗ ಅದರ ಹಿಂಭಾಗ ಮಾತ್ರ ಕಾಣುತ್ತಿತ್ತಂತೆ. ತಡೆಯಲಾರದೆ ಹೊಡೆದರಂತೆ. ರಾತ್ರಿಯೇ ಲಾಟೀನು ಹಿಡಿದು ಹುಡುಕಬೇಕಿತ್ತು, ಅಥವಾ ಬೆಳಿಗ್ಗೆ ಆ ಕಡೆ ಯಾರೂ ಹೋಗಬೇಡಿ ಎಂದಾದರೂ ಹೇಳಬೇಕಿತ್ತು. ಎರಡೂ ಮಾಡಲಿಲ್ಲ. ಹಂದಿ ತಪ್ಪಿಸಿಕೊಂಡಿತು ಅಂದರೆ ಮರ್ಯಾದೆ ಹೋಗುತ್ತದೆ ಅಂತ ಸುಮ್ಮನೆ ಮಲಗಿದರಂತೆ. ಇಷ್ಟನ್ನೂ ಒಂದೇ ಒಂದು ಸಲ ಅಜ್ಜಿಗೆ ಹೇಳಿದ್ದರು.

"ಮತ್ತೆ ಎಲ್ಲರ ಹತ್ತಿರ ತೋಟಾದ ಮೇಲೆ ಯಾಕೆ ಹಾಕುತ್ತಿದ್ದರು?" ಅಂದೆ.

"ತೋಟಾ ವಾಪಸ್ ಮಾತಾಡ್ತದಾ?" ಅಂದರು ಅಜ್ಜಿ. ಆಮೇಲೆ, ಪ್ರತಿ ಸುಗ್ಗಿಗೆ ಆ ಕುಂಟಜ್ಜನ ಮನೆಗೆ ಎರಡು ಮೂಟೆ ಭತ್ತ ಹೋಗುತ್ತಿದ್ದದ್ದು ಯಾಕೆ ಅಂತ ನೀನು ಯಾವತ್ತೂ ಕೇಳಲೇ ಇಲ್ಲವಲ್ಲ ಎಂದರು. ನಾನು ಅದನ್ನು ಕೂಲಿ ಅಂದುಕೊಂಡಿದ್ದೆ.

ತೋಟಾವನ್ನು ಮತ್ತೆ ಟ್ರಂಕಿನಲ್ಲೇ ಇಟ್ಟು ಬಂದೆ, ಮಫ್ಲರಿನಲ್ಲಿ ಸುತ್ತಿ.