ಹಳೆಯ ಚಿತ್ರ, ಹೊಸ ಎರಕ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ ಉದ್ಯಮಬಾಗವಿದೆ. ಕಬ್ಬಿಣದ ಎರಕಕ್ಕೆ ಹೆಸರಾದ ನೆಲೆ ಅದು. ಅಲ್ಲಿಯ ಒಂದು ಫೌಂಡ್ರಿಯಲ್ಲಿ ನಾನೊಮ್ಮೆ ಬಹಳ ಹೊತ್ತು ನಿಂತು ನೋಡಿದ್ದೇನೆ. ಕಟ್ಟಿಗೆಯ ಪ್ಯಾಟರ್ನನ್ನು ಮರಳಿನಲ್ಲಿ ಒತ್ತಿ ತೆಗೆಯುತ್ತಾರೆ. ಆ ಪೊಳ್ಳಿನಲ್ಲಿ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ತಣಿದ ಮೇಲೆ ಮರಳನ್ನು ಒಡೆದುಬಿಡುತ್ತಾರೆ. ಪ್ಯಾಟರ್ನನ್ನು ಮಾತ್ರ ಒರೆಸಿ ಜೋಪಾನವಾಗಿ ಎತ್ತಿಡುತ್ತಾರೆ. "ಎರಕದ ಸಾಮಾನನ್ನೇ ಒತ್ತಿ ಇನ್ನೊಂದು ಹೊಯ್ಯಬಾರದೇ?" ಎಂದು ಕೇಳಿದೆ. "ಹೊಯ್ಯಬಹುದ್ರಿ ಸಾಹೇಬ್ರ. ಆದ್ರ ಕಬ್ಬಿಣ ತಣಿಯೂ ಮುಂದ ಕುಗ್ಗತೈತ್ರಿ. ಮತ್ತೊಂದು ಸಣ್ಣದಾಗಿ ಬರತೈತಿ," ಎಂದರು ಅಲ್ಲಿಯ ಹಿರಿಯ ಕೆಲಸಗಾರರು.

ಪಾಶ್ಚಾತ್ಯರ ಹಳೆಯ ಮೇರುಚಿತ್ರಗಳನ್ನು ಮತ್ತೆ ತೆಗೆಯಬಹುದೇ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ತೆಗೆಯಲೇಬಾರದೆಂದು ಹೇಳುವವರಿಗೆ ಇತಿಹಾಸದ ಬೆಂಬಲವಿಲ್ಲ. ಅಮೆರಿಕದ ಜಾನ್ ಫೋರ್ಡನ ಕುದುರೆಸವಾರರ ಚಿತ್ರಗಳನ್ನು ಮೆಚ್ಚಿದ ಜಪಾನಿನ ಅಕಿರಾ ಕುರೊಸಾವಾ ೧೯೫೪ರಲ್ಲಿ 'ಸೆವೆನ್ ಸಮುರಾಯ್' ತೆಗೆದ. ಅದನ್ನೇ ಅಮೆರಿಕದವರು ೧೯೬೦ರಲ್ಲಿ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಎಂದು ಮಾಡಿಕೊಂಡರು. ಕುರೊಸಾವಾನ 'ಯೊಜಿಂಬೊ' ಇಟಲಿಯ ಸೆರ್ಜಿಯೋ ಲಿಯೋನೆಯ ಕೈಯಲ್ಲಿ ೧೯೬೪ರಲ್ಲಿ ಮತ್ತೊಂದು ರೂಪ ತಾಳಿತು. ಅಪ್ಪಣೆಯಿಲ್ಲದೆ ಎತ್ತಿಕೊಂಡದ್ದಕ್ಕಾಗಿ ಪರಿಹಾರವನ್ನೂ ತೆರಬೇಕಾಯಿತು. ಈ ಪರಂಪರೆಯ ಕುದುರೆಗಳೇ ಕಡೆಗೆ ನಮ್ಮ ರಾಮನಗರದ ಬಂಡೆಗಳ ನಡುವೆ ಓಡಿ, ೧೯೭೫ರಲ್ಲಿ 'ಶೋಲೆ'ಯಾದವು.

ಕನ್ನಡಕ್ಕೂ ಈ ಋಣ ಉಂಟು. ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು ೧೯೭೮ರಲ್ಲಿ 'ಒಂದಾನೊಂದು ಕಾಲದಲ್ಲಿ' ಚಿತ್ರವನ್ನು ಕುರೊಸಾವಾನಿಗೆ ಸಲ್ಲಿಸಿದ ಗೌರವವೆಂಬಂತೆ ತೆಗೆದರು. ಆದರೆ ಅದು ನಕಲಲ್ಲ. ಅಲ್ಲಿಯ ಕಾಲ ಹೊಯ್ಸಳರದು. ಕೂಲಿಗೆ ಕತ್ತಿ ಹಿಡಿದ ಗಂಡುಗಲಿ ಮತ್ತು ಪೆರ್ಮಾಡಿ ನಮ್ಮ ನೆಲದವರೇ. ಗಂಡುಗಲಿಯಾಗಿ ಬಂದ ಶಂಕರ್ ನಾಗ್ ಆ ಒಂದೇ ಚಿತ್ರದಿಂದ ದೇಶಕ್ಕೆ ಪರಿಚಿತರಾದರು. ಪ್ಯಾಟರ್ನು ದೂರದ್ದು, ಮರಳು ಮಾತ್ರ ನಮ್ಮದು.

ಇನ್ನು ಎರಕದ ಮೇಲೆ ಎರಕ ಹೊಯ್ದವರ ಗತಿಯನ್ನು ನೋಡಿರಿ. ಹಿಚ್‌ಕಾಕನ ೧೯೬೦ರ 'ಸೈಕೋ' ಚಿತ್ರವನ್ನು ೧೯೯೮ರಲ್ಲಿ ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯ ಹೊಂದಿಸಿ, ಬಣ್ಣದಲ್ಲಿ ಮತ್ತೆ ತೆಗೆದರು. ಯಾರ ಮನಸ್ಸನ್ನೂ ಅದು ಗೆಲ್ಲಲಿಲ್ಲ. 'ಶೋಲೆ'ಯನ್ನು ೨೦೦೭ರಲ್ಲಿ ರಾಮಗೋಪಾಲ ವರ್ಮಾ ಮತ್ತೆ ತೆಗೆದದ್ದೂ ಹಾಗೆಯೇ ಸೋತಿತು. ಆದರೆ ಕೆಟ್ಟುಹೋದ ಮೂಲ ನೆಗೆಟಿವಿನ ಬದಲು ಇಂಗ್ಲೆಂಡಿನಲ್ಲಿಯೂ ಮುಂಬಯಿಯಲ್ಲಿಯೂ ಉಳಿದಿದ್ದ ಪ್ರತಿಗಳಿಂದ ಜೀರ್ಣೋದ್ಧಾರಗೊಂಡ ಹಳೆಯ 'ಶೋಲೆ'ಯೇ, ಸೆನ್ಸಾರಿನವರು ಬದಲಿಸಿದ್ದ ಅಂತ್ಯವನ್ನು ಮರಳಿ ಪಡೆದು, ೨೦೨೫ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಪ್ರದರ್ಶಿತವಾಯಿತು. ಐವತ್ತು ವರ್ಷದ ಚಿತ್ರವನ್ನು ಹೊಸದು ಮಾಡುವ ಬಗೆ ಇದಲ್ಲವೇ?

ಇಲ್ಲಿಗೆ ಬಂದಾಗ ನನ್ನ ಮನಸ್ಸು ಭಾರವಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ನಿರ್ದೇಶಕರು ವೈ. ವಿ. ರಾವ್; ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ನಟಿಸಿದ್ದರು. ಅದು ತಯಾರಾದದ್ದು ಬೆಂಗಳೂರಿನಲ್ಲಲ್ಲ, ಬೆಳಗಾವಿಯ ನೆರೆಯ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಈ ನಷ್ಟ ನಮ್ಮದೊಂದೇ ಅಲ್ಲ: ಭಾರತದಲ್ಲಿ ತಯಾರಾದ ಸುಮಾರು ೧,೩೦೦ ಮೂಕಿಚಿತ್ರಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಹಳೆಯ ರೀಲುಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಿದವರೂ ಉಂಟು.

'ಸತಿ ಸುಲೋಚನಾ'ವನ್ನು ಯಾರಾದರೂ ಮತ್ತೆ ತೆಗೆದರೆ ನಾನು ಸಂತೋಷದಿಂದಲೇ ನೋಡುವೆನು. ಆದರೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೋಲಿಸಿ ಹೇಳಲು ಮೂಲವೆಲ್ಲಿದೆ? 'ಸೈಕೋ'ದ ನಕಲು ಸೋತಿತೆಂದು ನಾವು ಧೈರ್ಯವಾಗಿ ಹೇಳಬಲ್ಲೆವು, ಏಕೆಂದರೆ ಹಿಚ್‌ಕಾಕನ ಚಿತ್ರ ಉಳಿದಿದೆ. ಆದುದರಿಂದ ಹಳೆಯದನ್ನು ಮತ್ತೆ ತೆಗೆಯಬಹುದೇ ಎಂದರೆ ನನ್ನ ಉತ್ತರ ಇಷ್ಟೇ: ಧಾರಾಳವಾಗಿ ತೆಗೆಯಲಿ, ತಮ್ಮ ಮರಳಿನಲ್ಲಿ ತೆಗೆಯಲಿ. ಆದರೆ ಮೊದಲು ಪ್ಯಾಟರ್ನನ್ನು ಒರೆಸಿ ಎತ್ತಿಡಲಿ. ಉದ್ಯಮಬಾಗದ ಕೆಲಸಗಾರ ದಿನವೂ ಮಾಡುವ ಕೆಲಸ ಅದು.